ಕಾರ್ಲಿಂಗ್‌ಫರ್ಡ್ ದಡದಲ್ಲಿ ನನ್ನ ಉಸಿರು

ಐರ್ಲೆಂಡಿಗೆ ಹೋಗಿಬಂದೆ ಅಂದಕೂಡಲೇ ಫರೀದಾಬಾದಿನ ನಮ್ಮ ಸೆಕ್ಟರಿನ ಹೆಂಗಸರು ಕೇಳಿದ್ದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ, ಏನೇನು ನೋಡಿದಿರಿ. ಎರಡಕ್ಕೂ ನನ್ನ ಉತ್ತರ ಚಿಕ್ಕದು. ಆಲೂಗಡ್ಡೆ ತಿಂದೆವು, ನೀರು ನೋಡಿದೆವು. ಕೋಟೆ, ಮ್ಯೂಸಿಯಂ, ಅಂಗಡಿ ಬೀದಿ ಯಾವುದನ್ನೂ ನಾವು ಸರಿಯಾಗಿ ನೋಡಲಿಲ್ಲ. ನಾನು ಹೋಗಿದ್ದು ಓಡುವುದಕ್ಕೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಇನ್ನು ಮುಂದೆ ಓಡಬಲ್ಲೆನೋ ಇಲ್ಲವೋ ಎಂದು ತಿಳಿದುಕೊಳ್ಳುವುದಕ್ಕೆ.

ನಾನು ಮೈಸೂರಿನವಳು, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಮ್ಮವರು ಪೊನ್ನಪ್ಪ ಕೊಡಗಿನವರು, ಫೌಜಿನಲ್ಲಿದ್ದು ನಿವೃತ್ತರಾದವರು. ಕೊನೆಯ ಪೋಸ್ಟಿಂಗ್ ದೆಹಲಿಯಲ್ಲಿ ಆಗಿದ್ದರಿಂದ ಪಕ್ಕದ ಫರೀದಾಬಾದಿನಲ್ಲೇ ನೆಲೆ ನಿಂತೆವು. ನಲವತ್ತು ದಾಟಿದ ಮೇಲೆ ನನಗೆ ಓಟದ ಹುಚ್ಚು ಹಿಡಿಯಿತು. ಮೊದಮೊದಲು ಸಲ್ವಾರ್ ಕಮೀಜಿನಲ್ಲೇ ಸೆಕ್ಟರಿನ ಪಾರ್ಕು ಸುತ್ತುತ್ತಿದ್ದೆ. ಆಮೇಲೆ ಸೂರಜ್‌ಕುಂಡದ ಕಡೆ ಅರಾವಳಿಯ ರಸ್ತೆಗಳಿಗೂ ಕಾಲು ಹರಿಯಿತು. ನನ್ನನ್ನು ನೋಡಿ ಅಕ್ಕಪಕ್ಕದ ಹೆಂಗಸರು ಸೇರಿಕೊಂಡರು, ನಮ್ಮದೊಂದು ಗುಂಪೇ ಆಯಿತು. ಮಗು ಹೆತ್ತಾಗಲೂ ಮನೆ ಕಟ್ಟಿಸಿದಾಗಲೂ ಸಿಗದ ಒಂದು ಹಗುರ ನನಗೆ ಆ ಬೆಳಗುಗಳಲ್ಲಿ ಸಿಕ್ಕಿತ್ತು.

ಕಳೆದ ಚಳಿಗಾಲದಲ್ಲಿ ಎದೆಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದೆ. ಮನೆಗೆ ಬಂದ ಮೇಲೂ ಉಸಿರೆಳೆದರೆ ಒಳಗೆ ಯಾರೋ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು. ಮೆಟ್ಟಿಲು ಹತ್ತಿದರೆ ಸೀಟಿ, ಜೋರಾಗಿ ನಕ್ಕರೆ ಸೀಟಿ. ಡಾಕ್ಟರು ಸೋಂಕು ಹೋಗಿದೆ ಅಂದರು, ಶ್ವಾಸಕೋಶ ಮೊದಲಿನಂತೆ ಆಗುತ್ತದೋ ಇಲ್ಲವೋ ಕಾದು ನೋಡಬೇಕು ಅಂತಲೂ ಅಂದರು. ಹೋಳಿ ಕಳೆದರೂ ಸೀಟಿ ನಿಲ್ಲಲಿಲ್ಲ. ಎಲ್ಲರೂ ಸಮಾಧಾನ ಹೇಳಿದ್ದು ಒಂದೇ ಮಾತು: "ನಿಮ್ಮದೇನೂ ತಪ್ಪಿಲ್ಲ, ದೆಹಲಿಯ ಹವಾನೇ ಹಾಗೆ." ನಾನೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಕಾವೇರಿ ಫೋನು ಮಾಡಿದಳು. ಅವಳು ನಮ್ಮವರ ಅಣ್ಣನ ಮಗಳು, ದೆಹಲಿ ಕಂಟೋನ್ಮೆಂಟಿನಲ್ಲಿ ಬೆಳೆದವಳು, ಈಗ ಉತ್ತರ ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. "ಚಿಕ್ಕಮ್ಮ, ಇಲ್ಲಿ ಮನೆ ಮುಂದೇನೇ ಓಡೋ ದಾರಿ ಇದೆ. ಹವಾ ಏಕ್‌ದಮ್ ಸಾಫ್. ಬನ್ನಿ ನಾ" ಅಂದಳು. ನಮ್ಮವರು ಆವತ್ತೇ ವೀಸಾದ ಕೆಲಸಕ್ಕೆ ಕೂತರು. ನನಗೆ ಮಾತ್ರ ಖುಷಿಯ ಜೊತೆಗೆ ಭಯ. ಅಷ್ಟು ಒಳ್ಳೆಯ ಗಾಳಿಯಲ್ಲೂ ಸೀಟಿ ಬಂದರೆ ಆಮೇಲೆ ಯಾರನ್ನು ದೂರಲಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕಿಲ್ಲದ ನೆಲಕ್ಕೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ವಾರೆನ್‌ಪಾಯಿಂಟ್: ಬಿಳಿ ಬೆಳಗು

ಸಮುದ್ರ ಗುಡ್ಡಗಳ ನಡುವೆ ಒಳನುಗ್ಗಿ ನಿಂತ ಜಾಗಕ್ಕೆ ಅಲ್ಲಿಯವರು ಲಾಖ್ ಅನ್ನುತ್ತಾರೆ. ನೋಡಿದರೆ ದೊಡ್ಡ ಕೆರೆ, ಬಾಯಿಗೆ ಹಾಕಿಕೊಂಡರೆ ಉಪ್ಪು. ಕಾವೇರಿ ಇರುವ ವಾರೆನ್‌ಪಾಯಿಂಟ್ ಅನ್ನುವ ಪುಟ್ಟ ಊರು ಕಾರ್ಲಿಂಗ್‌ಫರ್ಡ್ ಲಾಖಿನ ಒಂದು ತುದಿಯಲ್ಲಿದೆ. ಒಂದು ಕಡೆ ಮೋರ್ನ್ ಗುಡ್ಡಗಳು, ನೀರಿನ ಆಚೆ ಕೂಲಿ ಗುಡ್ಡಗಳು. ಇದೆಲ್ಲ ಕಾವೇರಿ ಹೇಳಿದ್ದು. ಮೊದಲ ಬೆಳಗ್ಗೆ ನಾನು ಎದ್ದು ಕಿಟಕಿ ಪರದೆ ಸರಿಸಿದರೆ ನೀರೂ ಇಲ್ಲ, ಗುಡ್ಡವೂ ಇಲ್ಲ. ಎದುರು ಮನೆಯ ಗೇಟು ಕೂಡ ಕಾಣದಷ್ಟು ಬೆಳ್ಳಗೆ ಮುಚ್ಚಿಕೊಂಡಿತ್ತು.

ಕಾವೇರಿ ರಾತ್ರಿ ಪಾಳಿಗೆ ಹೋಗಿದ್ದಳು. ನಮ್ಮವರು ನನ್ನ ಹಿಂದೆ ಬಂದು ನಿಂತು ಹೊರಗೆ ನೋಡಿದರು. ಅವರು ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದರು. ನಾನು ಸ್ನಾನದ ಟವೆಲನ್ನು ಸುರುಳಿ ಸುತ್ತಿ ಬಾಗಿಲ ಸಂದಿಗೆ ಒತ್ತಿದೆ. ಸೂಟ್‌ಕೇಸಿನಿಂದ ಮಾಸ್ಕುಗಳು ಹೊರಬಂದವು. ದೀಪಾವಳಿಯ ಮಾರನೇ ದಿನ ಹೊಗೆ ಕವಿದಾಗ ಫರೀದಾಬಾದಿನಲ್ಲಿ ಮಾಡುವುದನ್ನೆಲ್ಲ ಚಾಚೂ ತಪ್ಪದೆ ಮಾಡಿ ಇಬ್ಬರೂ ಸೋಫಾದ ಮೇಲೆ ಮಾಸ್ಕು ಹಾಕಿಕೊಂಡು ಕೂತೆವು. "ಇಲ್ಲೂ ಶುರುವಾಗಿದೆ ನೋಡು. ಇವತ್ತು ಹೊರಗೆ ಬೇಡ" ಅಂದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ನೆಮ್ಮದಿಯಾಯಿತು. ಪರೀಕ್ಷೆಯ ದಿನ ಮಳೆ ಬಂದು ಶಾಲೆಗೆ ರಜಾ ಕೊಟ್ಟಾಗ ನನ್ನ ಕ್ಲಾಸಿನ ಮಕ್ಕಳ ಮುಖದಲ್ಲಿ ಕಾಣುವ ನೆಮ್ಮದಿ ಅದು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಪಕ್ಕದ ಮನೆಯ ಊನಾ, ಎಪ್ಪತ್ತು ದಾಟಿದ ಹೆಂಗಸು, ಓಟದ ಚಡ್ಡಿ ಹಾಕಿಕೊಂಡು, ಬೆವರಿನಲ್ಲಿ ತೊಯ್ದು, ಕೈಯಲ್ಲಿ ಮನೆಯಲ್ಲೇ ಬೇಯಿಸಿದ ಬ್ರೆಡ್ಡು ಹಿಡಿದುಕೊಂಡು ನಿಂತಿದ್ದಾರೆ. ಆ ಬಿಳಿಯೊಳಗೇ ಓಡಿ ಮುಗಿಸಿ ಬಂದಿದ್ದರು. ನಮ್ಮ ಮಾಸ್ಕು, ಟವೆಲು ಎಲ್ಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಯಾರಿಗಾದರೂ ಹುಷಾರಿಲ್ಲವೇ? ಅಂಟುವಂಥದ್ದೇ?" ಎಂದು ಕೇಳಿದರು. ಅಷ್ಟರಲ್ಲಿ ಕಾವೇರಿಯ ಕಾರು ಬಂತು. ಅವಳು ನಮ್ಮನ್ನು ನೋಡಿದವಳೇ ಹಣೆಗೆ ಕೈ ಹಚ್ಚಿಕೊಂಡಳು.

"ಚಿಕ್ಕಪ್ಪ, ಯೇ ಸ್ಮಾಗ್ ನಹೀ ಹೈ. ಸಮುದ್ರದ ಮಂಜು ಇದು. ನೀರು, ಬಸ್. ಉಸಿರಾಡಿ, ಏನೂ ಆಗಲ್ಲ."

ನಮ್ಮವರು ಫೌಜಿನ ಗತ್ತು ಬಿಡದೆ, "ಗೊತ್ತಿತ್ತು. ಮುನ್ನೆಚ್ಚರಿಕೆ ಅಷ್ಟೇ" ಅಂದರು. ಕಾವೇರಿ ವಿಷಯವನ್ನೆಲ್ಲ ವಿವರಿಸಿದ ಮೇಲೆ ಊನಾ ನಗಲಿಲ್ಲ. ನಗುವರೆಂದು ನಾನು ತಯಾರಾಗಿದ್ದೆ. ಅವರು ಬ್ರೆಡ್ಡನ್ನು ನನ್ನ ಕೈಗಿಟ್ಟು, "ಗಾಳಿಗೆ ಹೆದರಬೇಕಾದ ಊರಲ್ಲಿ ಓಡುವವರು ನನಗಿಂತ ಗಟ್ಟಿಗರು. ನಾಳೆ ನನ್ನ ಜೊತೆ ಬನ್ನಿ" ಅಂದರು. ಪರದೇಶದಲ್ಲಿ ಮೊದಲ ದಿನವೇ ಇಂಥ ಮಾತು ಕೇಳುವುದು ಪುಣ್ಯ ಅಂತಲೇ ನಾನು ತಿಳಿದಿದ್ದೇನೆ.

ದಡದ ಹಾದಿ

ಮಾರನೇ ದಿನ ಮಂಜು ಸರಿದಿತ್ತು. ನೀರು ನಮ್ಮ ರಸ್ತೆಯ ಬುಡದಲ್ಲೇ ಇತ್ತು. ಆಚೆ ದಡದ ಗುಡ್ಡದ ಮೇಲೆ ಕುರಿಗಳು ಬೆಳ್ಳಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಅಷ್ಟು ದೂರದ ಕುರಿ ಕಾಣುತ್ತದೆ ಅನ್ನುವುದೇ ನನಗೆ ಬೆರಗು. ನಮ್ಮ ಟೆರೇಸಿನಿಂದ ಚಳಿಗಾಲದಲ್ಲಿ ಮುಂದಿನ ಬೀದಿಯ ನೀರಿನ ಟ್ಯಾಂಕು ಕಂಡರೆ ಅದೇ ಒಳ್ಳೆಯ ದಿನ.

ಊನಾ ಮೊದಲ ದಿನ ಓಡಿಸಲಿಲ್ಲ, ನೀರಿನ ಪಕ್ಕದಲ್ಲಿ ನಡೆಸಿದರು. ಆ ದಾರಿಯಲ್ಲಿ ಎದುರಾದವರೆಲ್ಲ ನಮಗೆ ನಮಸ್ಕಾರ ಹೇಳುವವರೇ. ಓಡುವವರು, ನಾಯಿ ಹಿಡಿದವರು, ಆ ಕೊರೆಯುವ ನೀರಿನಲ್ಲಿ ಮುಳುಗೆದ್ದು ನಡುಗುತ್ತ ಚಹಾ ಕುಡಿಯುತ್ತ ನಿಂತ ಅಜ್ಜಿಯರು, ಯಾರೂ ಸುಮ್ಮನೆ ಹೋಗುವುದಿಲ್ಲ. ನಮ್ಮವರು ಮೊದಲು ಪ್ರತಿಯೊಬ್ಬರಿಗೂ ನಿಂತು ಉತ್ತರ ಕೊಟ್ಟರು. ಮೂವತ್ತು ಹೆಜ್ಜೆಗೊಮ್ಮೆ ನಿಂತು ಸಾಕಾದ ಮೇಲೆ, "ಇವರಿಗೆಲ್ಲ ನನ್ನ ಪರಿಚಯ ಇದ್ದ ಹಾಗಿದೆ" ಎಂದು ಕನ್ನಡದಲ್ಲಿ ಗೊಣಗಿದರು. ದೆಹಲಿಯಲ್ಲಿ ಗುರುತಿಲ್ಲದವರು ನಕ್ಕರೆ ಮೊದಲು ಪರ್ಸು ಮುಟ್ಟಿ ನೋಡಿಕೊಳ್ಳುವ ಜನ ನಾವು.

ಒಂದು ತಿರುವಿನಲ್ಲಿ ದೊಡ್ಡ ಕಪ್ಪು ನಾಯಿ ಸರಪಳಿಯಿಲ್ಲದೆ ನಮ್ಮ ಕಡೆ ಓಡಿ ಬಂತು. ಬೀದಿನಾಯಿಗಳ ಜೊತೆ ನನಗೆ ಹಳೆಯ ವ್ಯವಹಾರ. ಫರೀದಾಬಾದಿನಲ್ಲಿ ಓಡುವವರಿಗೆಲ್ಲ ಗೊತ್ತಿರುವ ವಿದ್ಯೆ ಒಂದಿದೆ: ನಾಯಿ ಬಂದರೆ ಕಲ್ಲಿರಲಿ ಇಲ್ಲದಿರಲಿ ಬಗ್ಗಬೇಕು. ಬಗ್ಗಿದ್ದು ಕಂಡರೆ ಸಾಕು, ಬಾಲ ಮಡಚಿ ಓಡುತ್ತದೆ. ನಾನು ಬಗ್ಗಿದೆ. ನಾಯಿ ಗಕ್ಕನೆ ನಿಂತಿತು, ನನ್ನ ಎದುರು ಕೂತಿತು, ನಾಲಿಗೆ ಚಾಚಿ ಬಾಲ ಬೀಸತೊಡಗಿತು. ನಾನು ಕಲ್ಲೆತ್ತಿ ಕೈ ಬೀಸಿದೆ. ಅದು ಖುಷಿ ತಡೆಯಲಾರದೆ ಕುಣಿಯಿತು. ಆಟಕ್ಕೆ ಕರೆದೆನೆಂದು ತಿಳಿದುಕೊಂಡಿತ್ತು ಪಾಪ. ಹಿಂದೆ ಬಂದ ಯಜಮಾನ, "ಒಂದು ಸಲ ಎಸೆದರೆ ಇನ್ನು ನಿಮ್ಮನ್ನು ಬಿಡುವುದಿಲ್ಲ ಅದು" ಅಂದ. ನನ್ನ ಕೈಯಲ್ಲಿ ಕಲ್ಲು, ಮುಖದಲ್ಲಿ ಏನು ಭಾವ ಇತ್ತೋ ದೇವರೇ ಬಲ್ಲ. ಕೊನೆಗೆ ಕಲ್ಲನ್ನು ನೀರಿಗೆ ಎಸೆದೆ, ನಾಯಿ ಅದರ ಹಿಂದೆ ಹಾರಿತು, ಆಮೇಲೆ ಅರ್ಧ ಮೈಲಿ ನಮ್ಮ ಜೊತೆಗೇ ಬಂತು.

ವಾಪಸು ಬರುವಾಗ ಮಳೆ ಹಿಡಿಯಿತು. ದೆಹಲಿಯ ಸರೋಜಿನಿ ನಗರದ ಬಜಾರಿನಲ್ಲಿ ಅಂಗಡಿಯ ಭಯ್ಯಾ ಏನೂ ಆಗಲ್ಲ ಎಂದು ಆಣೆ ಇಟ್ಟು ಕೊಟ್ಟಿದ್ದ ಮಳೆಯ ಜಾಕೆಟ್ಟು ಆವತ್ತು ಬಣ್ಣ ಬಿಟ್ಟಿತು. ಮನೆ ತಲುಪುವ ಹೊತ್ತಿಗೆ ನನ್ನ ಕುತ್ತಿಗೆ, ಕೈ ಎಲ್ಲ ನೀಲಿ. ನೀಲಕಂಠನ ದರ್ಶನವಾಯಿತು ಎಂದು ನಮ್ಮವರು ನಕ್ಕರು. ಊನಾ ತಮ್ಮ ಹಳೆಯ ಜಾಕೆಟ್ಟು ತಂದು ಬಾಗಿಲಲ್ಲಿ ತೂಗುಹಾಕಿ ಹೋದರು.

ರಾಸ್ಟ್ರೆವರ್ ಕಾಡು

ಲಾಖಿನ ದಡದಲ್ಲೇ ಸ್ವಲ್ಪ ಮುಂದೆ ಹೋದರೆ ರಾಸ್ಟ್ರೆವರ್. ಅಲ್ಲಿ ಓಕ್ ಮರದ ಹಳೆಯ ಕಾಡು, ಕಾಡಿನ ಮೇಲೆ ಗುಡ್ಡ, ಗುಡ್ಡದ ಓರೆಯಲ್ಲಿ ಒಂಟಿಯಾಗಿ ಕೂತ ಭಾರೀ ಬಂಡೆ. ಆಚೆ ದಡದಿಂದ ಒಬ್ಬ ರಾಕ್ಷಸ ಎಸೆದದ್ದಂತೆ. ನಮ್ಮ ಕಡೆ ಇಂಥ ಬಂಡೆಗಳೆಲ್ಲ ಭೀಮನ ಲೆಕ್ಕಕ್ಕೆ ಸೇರುತ್ತವೆ ಎಂದು ಹೇಳಿದಾಗ ಊನಾ, "ಹಾಗಾದರೆ ಇಬ್ಬರೂ ನೆಂಟರಿರಬೇಕು" ಅಂದರು.

ಬಂಡೆಯವರೆಗೆ ಓಡೋಣ ಎಂದು ನಾನೇ ಹೇಳಿದೆ. ಎರಡು ದಿನ ನಡೆದು ಹುರುಪು ಬಂದಿತ್ತು. ನಮ್ಮವರಿಗೆ ಮಂಡಿಯ ಆಪರೇಷನ್ ಆಗಿರುವುದರಿಂದ ಓಡುವಂತಿಲ್ಲ, ಅವರು ಕೆಳಗೆ ಕಾಯುತ್ತ ಕೂತರು. ಊನಾ ಮುಂದೆ, ನಾನು ಹಿಂದೆ. ಮೊದಲ ಏರಿಗೆ ಪರವಾಗಿಲ್ಲ ಅನ್ನಿಸಿತು. ಎರಡನೆಯ ಏರಿನಲ್ಲಿ ಎದೆ ಬಿಗಿಯಿತು, ಕಣ್ಣು ಕತ್ತಲೆ ಬಂತು, ಒಂದು ಮರ ಹಿಡಿದುಕೊಂಡು ನಿಂತುಬಿಟ್ಟೆ. ಸುತ್ತ ಹಸಿರು ಪಾಚಿ, ಎಲೆಗಳಿಂದ ತೊಟ್ಟಿಕ್ಕುವ ನೀರು, ಭೂಮಿಯ ಮೇಲೆ ಇದಕ್ಕಿಂತ ಶುದ್ಧ ಗಾಳಿ ಇನ್ನೆಲ್ಲಿ ಸಿಗಬೇಕು? ಆ ಗಾಳಿಯಲ್ಲೂ ನನಗೆ ಉಸಿರು ಸಾಲಲಿಲ್ಲ. ಒಳಗೆ ಸೀಟಿ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವ ಧೈರ್ಯವೂ ನನಗಿರಲಿಲ್ಲ. ಮುಗಿಯಿತು ಅಂದುಕೊಂಡೆ. ನಮ್ಮ ಗುಂಪಿನ ಹೆಂಗಸರಿಗೆ ಏನೆಂದು ಹೇಳಲಿ ಎಂದು ಯೋಚಿಸುತ್ತ ಅಲ್ಲೇ ಅತ್ತೆ.

ಊನಾ ಹಿಂದಕ್ಕೆ ಬಂದು ಪಕ್ಕದಲ್ಲಿ ನಿಂತರು. ಉಳಿದದ್ದನ್ನು ನಿಧಾನವಾಗಿ ನಡೆದು ಬಂಡೆ ಮುಟ್ಟಿದೆವು. ಬಂಡೆಯ ಸುತ್ತು ಬಂದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅಲ್ಲಿದೆ. ನನಗೆ ಹೇಳಿಕೊಡಬೇಕೇ, ಪ್ರದಕ್ಷಿಣೆ ಹಾಕಿ ಕೈ ಮುಗಿದೆ. ಕೆಳಗೆ ಇಡೀ ಲಾಖ್ ಬೆಳ್ಳಿಯ ತಟ್ಟೆಯ ಹಾಗೆ ಬಿದ್ದುಕೊಂಡಿತ್ತು, ಅದನ್ನು ನೋಡುವ ಮನಸ್ಸು ನನಗಿರಲಿಲ್ಲ.

ಇಳಿದು ಬಂದು ಮೂವರೂ ರಸ್ತೆಯ ಅಂಚಿನಲ್ಲಿ ಮನೆ ಕಡೆ ನಡೆಯುತ್ತಿದ್ದಾಗ ಮರದ ದಿಮ್ಮಿ ಹೇರಿದ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಊನಾ ನಿಂತು ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿದರು.

"ಈಗ ಏನು ಮಾಡಿದಿರಿ ನೀವಿಬ್ಬರೂ?"

ನಾವೇನೂ ಮಾಡಿರಲಿಲ್ಲ. ಹಾಗೆಂದೇ ಹೇಳಿದೆವು.

"ಮಾಡಿದಿರಿ. ಲಾರಿ ಬಂದ ಕೂಡಲೇ ಇಬ್ಬರೂ ಒಟ್ಟಿಗೆ ಮುಖ ತಿರುಗಿಸಿ ಉಸಿರು ಹಿಡಿದಿರಿ. ಅದು ಮರೆಯಾಗುವವರೆಗೂ ಬಿಡಲಿಲ್ಲ."

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಹೌದು, ಹಿಡಿಯುತ್ತೇವೆ. ಬಸ್ಸಿನ ಹೊಗೆ, ಕಸ ಸುಡುವ ಮೂಲೆ, ಕಟ್ಟಡ ಕೆಡವುವ ಜಾಗ, ಎಲ್ಲಿ ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಕಾಲಿಗೇ ಗೊತ್ತು. ಓಡುವಾಗ ಬಾಯಿ ತೆರೆಯಬಾರದು, ಮೂಗಿನಿಂದ ಸ್ವಲ್ಪ ಸ್ವಲ್ಪವೇ ಎಳೆಯಬೇಕು ಎಂದು ನಮ್ಮ ಗುಂಪಿನ ಹೊಸಬರಿಗೆ ಕಲಿಸಿದವಳೇ ನಾನು.

"ಗುಡ್ಡದ ಮೇಲೂ ನೀವು ಹಾಗೇ ಓಡಿದಿರಿ" ಅಂದರು ಊನಾ. "ಚರ್ಚಿನಲ್ಲಿ ಹಾಡುವವಳು ನಾನು, ಉಸಿರಿನ ಸದ್ದು ಬೇಗ ಕಿವಿಗೆ ಬೀಳುತ್ತದೆ. ನೀವು ಚಮಚದಲ್ಲಿ ಕುಡಿಯುವ ಹಾಗೆ ಗಾಳಿ ತೆಗೆದುಕೊಳ್ಳುತ್ತೀರಿ. ಯಾರಿಗಾಗಿ ಉಳಿಸುತ್ತಿದ್ದೀರಿ ಸುಮಾ? ಇಲ್ಲಿ ಬೇಕಾದಷ್ಟಿದೆ."

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ. ಆದರೆ ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳುವಂತಿರಲಿಲ್ಲ. ಕೆಟ್ಟಿರುವುದು ನನ್ನ ಅಭ್ಯಾಸವೋ, ನನ್ನ ಶ್ವಾಸಕೋಶವೋ? ಅದು ಓಡಿಯೇ ಗೊತ್ತಾಗಬೇಕಿತ್ತು.

ಆಚೆ ದಡ: ಓಮೀತಿನಿಂದ ಕಾರ್ಲಿಂಗ್‌ಫರ್ಡ್

ನೀರಿನ ಈಚೆ ದಡ ಉತ್ತರ ಐರ್ಲೆಂಡ್, ಆಚೆ ದಡ ಐರ್ಲೆಂಡ್ ಅನ್ನುವ ಬೇರೆಯೇ ದೇಶ. ಕಾವೇರಿ ಒಂದು ದಿನ ರಜೆ ಹಾಕಿ ಊನಾ ಸಮೇತ ನಮ್ಮನ್ನು ಕಾರಿನಲ್ಲಿ ಲಾಖನ್ನು ಸುತ್ತಿ ಕರೆದುಕೊಂಡು ಹೋದಳು. ನಮ್ಮವರು ಗಡಿಯಲ್ಲಿ ವರ್ಷಗಟ್ಟಲೆ ಕಾವಲು ಕಾಯ್ದವರು. ಕೋಟಿನ ಒಳಜೇಬಿನಲ್ಲಿ ಪಾಸ್‌ಪೋರ್ಟು ಮುಟ್ಟಿಕೊಂಡು ನೆಟ್ಟಗೆ ಕೂತಿದ್ದರು. ಎಷ್ಟು ದೂರ ಹೋದರೂ ಯಾರೂ ತಡೆಯಲಿಲ್ಲ.

"ಗಡಿ ಎಷ್ಟೊತ್ತಿಗೆ ಬರುತ್ತೆ?"

"ಚಿಕ್ಕಪ್ಪ, ಅದು ಹೋಗಿ ಆಯ್ತು. ಬೋರ್ಡಲ್ಲಿ ಮೈಲಿ ಇದ್ದದ್ದು ಕಿಲೋಮೀಟರ್ ಆಯ್ತಲ್ಲ, ವಹೀ ಗಡಿ."

ಅವರು ಹಿಂದೆ ತಿರುಗಿ ಖಾಲಿ ರಸ್ತೆಯನ್ನು ಬಹಳ ಹೊತ್ತು ನೋಡಿದರು. ಒಂದು ಕಾಲಕ್ಕೆ ಇಲ್ಲೂ ಬಂದೂಕು ಹಿಡಿದವರು ನಿಂತಿದ್ದರಂತೆ. "ಒಳ್ಳೇದಾಯ್ತು" ಅಂದರು, ಅಷ್ಟೇ.

ಓಮೀತ್ ಅನ್ನುವ ಹಳ್ಳಿಯಿಂದ ಕಾರ್ಲಿಂಗ್‌ಫರ್ಡಿಗೆ ನೀರಿನ ಅಂಚಿನಲ್ಲೇ ಒಂದು ಹಾದಿ ಇದೆ. ಹಿಂದೆ ರೈಲು ಹೋಗುತ್ತಿದ್ದ ದಾರಿ, ಈಗ ನಡೆಯುವವರದು, ಓಡುವವರದು. ಎಡಕ್ಕೆ ಲಾಖ್, ಬಲಕ್ಕೆ ಬೇಲಿ ಹೂವು, ಅದರ ಮೇಲೆ ಗುಡ್ಡ. ನಮ್ಮವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ದಾರಿಯುದ್ದಕ್ಕೂ ಬೆಂಚು ಇವೆಯಂತೆ ಸುಮಾ. ಆಗಲಿಲ್ಲ ಅಂದರೆ ಅಲ್ಲೇ ಕೂತಿರು, ಹಟ ಮಾಡಬೇಡ. ನಾನು ಹಿಂದಿನಿಂದ ನಡೀತಾ ಬರ್ತೀನಿ" ಅಂದರು. ಉಸಿರು ಕಟ್ಟಿದರೆ ಎಳೆಯಲೆಂದು ಡಾಕ್ಟರು ಕೊಟ್ಟಿದ್ದ ನನ್ನ ಇನ್‌ಹೇಲರು ಅವರ ಜೇಬಿನಲ್ಲಿತ್ತು. ಕಾವೇರಿ ಕಾರು ತೆಗೆದುಕೊಂಡು ಮುಂದೆ ಹೋದಳು. ನಾನೂ ಊನಾ ಓಡಲು ಶುರು ಮಾಡಿದೆವು.

ಮೊದಲ ತಿರುವಿನವರೆಗೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಊನಾ ಪಕ್ಕದಿಂದ "ತೆರೆಯಿರಿ" ಅನ್ನುತ್ತಿದ್ದರು. ತೆರೆದೆ. ಗಾಳಿ ಒಳಗೆ ಹೋಗಿ ಎಷ್ಟೋ ವರ್ಷದಿಂದ ಬಾಗಿಲು ತೆಗೆಯದ ಕೋಣೆಗೆ ಹೊಕ್ಕ ಹಾಗಾಯಿತು. ತಣ್ಣಗೆ, ಉಪ್ಪುಪ್ಪಾಗಿ, ಪಕ್ಕೆಲುಬಿನ ಸಂದಿಯಲ್ಲೆಲ್ಲ ನೋವು. ಕೆಮ್ಮು ಬಂತು, ಕೆಮ್ಮುತ್ತಲೇ ಓಡಿದೆ. ಮೊದಲ ಬೆಂಚು ಕಂಡಾಗ ಕಾಲು ಅದರ ಕಡೆಗೇ ಎಳೆಯಿತು. ಇನ್ನೊಂದು ಸ್ವಲ್ಪ ಅಂದುಕೊಂಡು ದಾಟಿದೆ. ಎರಡನೆಯದು ಬಂತು, ಅದನ್ನೂ ದಾಟಿದೆ. ಆಮೇಲೆ ಯಾವಾಗಲೋ ಬೆಂಚು ನೋಡುವುದೇ ಮರೆತುಹೋಯಿತು. ಉಸಿರು ತನ್ನ ಪಾಡಿಗೆ ಬರುತ್ತಿತ್ತು, ಹೋಗುತ್ತಿತ್ತು. ಎದುರು ಬಂದವರು ನಮಸ್ಕಾರ ಹೇಳಿದರೆ ಓಡುತ್ತಲೇ ಉತ್ತರ ಕೊಟ್ಟೆ. ಯಾವ ದೇವರಿಗೆ ಅಂತಲ್ಲ, ಈ ಊನಾಗೆ, ರಜೆ ಹಾಕಿ ಕರೆದುಕೊಂಡು ಬಂದ ಹುಡುಗಿಗೆ, ಹಿಂದೆ ನಡೆದು ಬರುತ್ತಿರುವ ಮನುಷ್ಯನಿಗೆ, ಸಮುದ್ರದ ಮೇಲಿಂದ ಸುಮ್ಮನೆ ಬೀಸಿ ಬರುತ್ತಿರುವ ಆ ಗಾಳಿಗೆ ಎಲ್ಲರಿಗೂ ಮನಸ್ಸಿನಲ್ಲೇ ಅಡ್ಡ ಬಿದ್ದೆ. ನಮ್ಮ ಗುಂಪಿನ ಹೆಂಗಸರು ನೆನಪಾದರು. ಅವರಿಗೂ ಇಂಥದ್ದೊಂದು ಬೆಳಗು ಸಿಗಬೇಕಿತ್ತು, ಅದೂ ನಮ್ಮ ಪಾರ್ಕಿನಲ್ಲೇ ಸಿಗಬೇಕಿತ್ತು.

ಕಾರ್ಲಿಂಗ್‌ಫರ್ಡಿನ ಹಳೆಯ ಕೋಟೆಯ ಬುಡದಲ್ಲಿ ಓಟ ಮುಗಿಯಿತು. ನಾನು ಒಂದು ಸಲವೂ ನಿಂತಿರಲಿಲ್ಲ. ಊನಾ ನನ್ನ ಹೆಗಲು ತಟ್ಟಿ ಕಾವೇರಿಯನ್ನು ಹುಡುಕಲು ಹೊರಟವರು ತಟ್ಟನೆ ನಿಂತು, ನಾವು ಬಂದ ದಾರಿಯ ಕಡೆ ಕೈ ತೋರಿಸಿದರು.

ನಮ್ಮವರು ಓಡಿ ಬರುತ್ತಿದ್ದರು. ಆಪರೇಷನ್ ಆದ ಮೇಲೆ ಅವರು ಓಡಿದ್ದನ್ನು ನಾನು ಕಂಡಿರಲಿಲ್ಲ. ಒಂದು ಕಾಲು ಎಳೆಯುತ್ತ, ಕೋಟಿನ ಗುಂಡಿ ಬಿಚ್ಚಿ, ಮುಷ್ಟಿಯಲ್ಲಿ ಇನ್‌ಹೇಲರು ಹಿಡಿದುಕೊಂಡು ಬರುತ್ತಿದ್ದರು. ನಾನು ಎದುರು ಹೋಗಿ ಕೈ ಹಿಡಿದೆ.

"ಏನಾಯ್ತು ರೀ? ಯಾಕೆ ಓಡಿ ಬಂದ್ರಿ?"

ಅವರು ಏದುತ್ತಲೇ ಹೇಳಿದರು.

"ಮೊದಲನೇ ಬೆಂಚಲ್ಲಿ ನೀನಿರಲಿಲ್ಲ. ಎರಡನೇದರಲ್ಲೂ ಇರಲಿಲ್ಲ. ಎಲ್ಲ ಬೆಂಚೂ ಖಾಲಿ ಸುಮಾ. ಆಮೇಲೆ ನನಗೆ ಸುಮ್ಮನೆ ನಡ್ಕೊಂಡು ಬರೋಕೆ ಆಗ್ಲಿಲ್ಲ."

ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಭುಜ ಹಿಡಿದು ಆ ಕಡೆ ತಿರುಗಿಸಿ, ಬೀದಿಯ ಮಧ್ಯೆ, ಓಡಾಡುವವರ ಎದುರಿಗೇ, ನನ್ನ ಬೆನ್ನಿಗೆ ಕಿವಿಯಿಟ್ಟರು. ಆ ಚಳಿಗಾಲವಿಡೀ ಫರೀದಾಬಾದಿನ ಮನೆಯಲ್ಲಿ ನಾನು ಮಲಗುವ ಮುಂಚೆ ಅವರು ಹಾಗೆ ಕಿವಿಯಿಟ್ಟು ಆ ಸೀಟಿಯನ್ನು ಕೇಳುತ್ತಿದ್ದರು. ಕೇಳಿ ಏನೂ ಹೇಳದೆ ಹೊದಿಕೆ ಸರಿಮಾಡಿ ಎದ್ದು ಹೋಗುತ್ತಿದ್ದರು. ನಾನೂ ಏನು ಕೇಳಿಸಿತು ಎಂದು ಕೇಳುತ್ತಿರಲಿಲ್ಲ. ಆವತ್ತು ಕೇಳಿದೆ.

"ಏನೂ ಇಲ್ಲ" ಅಂದರು. ಕಿವಿ ತೆಗೆಯಲಿಲ್ಲ. "ಇನ್ನೊಂದ್ಸಲ ಉಸಿರು ತಗೋ."

ತೆಗೆದುಕೊಂಡೆ.

"ಇನ್ನೊಂದ್ಸಲ."